ಮೂಗಿನ ಎನ್‌ಕೆ/ಟಿ ಲಿಂಫೋಮಾ: ಬಯಾಪ್ಸಿ ರಿಪೋರ್ಟು ‘ಸತ್ತ ಅಂಗಾಂಶ ಮಾತ್ರ’ ಅಂದಾಗ

ಬಯಾಪ್ಸಿ ರಿಪೋರ್ಟಿನಲ್ಲಿ ‘ನೆಕ್ರೋಸಿಸ್ (ಸತ್ತ ಅಂಗಾಂಶ) ಮತ್ತು ಉರಿಯೂತ ಮಾತ್ರ, ಕ್ಯಾನ್ಸರ್ ಕಂಡುಬಂದಿಲ್ಲ’ ಎಂದು ಬಂದರೆ ಮನೆಯವರಿಗೆ ಹಾಯೆನಿಸುವುದು ಸಹಜ. ಆದರೆ ಮೂಗಿನೊಳಗೆ ಕೊಳೆಯುತ್ತಿರುವ ಹುಣ್ಣಿನ ವಿಷಯದಲ್ಲಿ ಆ ಸಾಲನ್ನು ‘ಕ್ಯಾನ್ಸರ್ ಇಲ್ಲ’ ಎಂದು ಓದಲೇಬಾರದು. ‘ಕಳಿಸಿದ ತುಣುಕಿನಲ್ಲಿ ಪರೀಕ್ಷೆಗೆ ಬೇಕಾದಷ್ಟು ಜೀವಂತ ಅಂಗಾಂಶ ಇರಲಿಲ್ಲ’ ಎಂದು ಓದಬೇಕು. ಮೂಗಿನ ಎನ್‌ಕೆ/ಟಿ ಲಿಂಫೋಮಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರಿನಲ್ಲಿ ತಿಂಗಳುಗಟ್ಟಲೆ ಸಮಯ ಕೈಜಾರುವುದು ಬಹಳ ಸಲ ಇಲ್ಲೇ. ಕಾಯಿಲೆ ಮೂಗಿನಲ್ಲೇ ಇರುವಾಗ ಸಿಕ್ಕಿಬಿದ್ದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಮೈಗೆಲ್ಲ ಹರಡಿದ ಮೇಲೆ ಲೆಕ್ಕವೇ ಬೇರೆ.

ಕಾಯಿಲೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1897ರಲ್ಲಿ ಪೀಟರ್ ಮೆಕ್‌ಬ್ರೈಡ್ ಎಂಬ ವೈದ್ಯರು ಮೂಗು ಮತ್ತು ಮುಖ ವೇಗವಾಗಿ ನಾಶವಾದ ಒಬ್ಬ ರೋಗಿಯ ಬಗ್ಗೆ ಬರೆದರು. ಆಮೇಲೆ ದಶಕಗಳ ಕಾಲ ಇದನ್ನು ‘ಲೀಥಲ್ ಮಿಡ್‌ಲೈನ್ ಗ್ರಾನುಲೋಮಾ’ ಅನ್ನುತ್ತಿದ್ದರು, ಏನೆಂದು ಖಚಿತವಾಗಿ ಗೊತ್ತಿರಲಿಲ್ಲ. ಇದು ಎನ್‌ಕೆ ಕಣಗಳಿಂದ, ಕೆಲವೊಮ್ಮೆ ಟಿ ಕಣಗಳಿಂದ (ಎರಡೂ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಹುಟ್ಟುವ ಲಿಂಫೋಮಾ ಎಂಬುದು ಆಮೇಲೆ ತಿಳಿಯಿತು. ಚೀನಾ, ಕೊರಿಯಾ, ಜಪಾನ್, ಹಾಂಗ್‌ಕಾಂಗ್ ಕಡೆ ಮತ್ತು ಪೆರು, ಮೆಕ್ಸಿಕೊ, ಗ್ವಾಟೆಮಾಲಾಗಳಲ್ಲಿ ಹೆಚ್ಚು, ಭಾರತದಲ್ಲಿ ಅಪರೂಪ. ಅಪರೂಪ ಅನ್ನುವುದೇ ಇಲ್ಲಿ ಒಂದು ತೊಂದರೆ, ಏಕೆಂದರೆ ಯಾರ ಮನಸ್ಸಿಗೂ ಮೊದಲು ಬರುವುದಿಲ್ಲ. ಹೆಚ್ಚಾಗಿ ಮಧ್ಯವಯಸ್ಸಿನವರಿಗೆ, ಹೆಂಗಸರಿಗಿಂತ ಗಂಡಸರಿಗೆ ಜಾಸ್ತಿ.

ಹೆಚ್ಚುಕಮ್ಮಿ ಎಲ್ಲ ರೋಗಿಗಳ ಗಡ್ಡೆಯ ಕಣಗಳಲ್ಲೂ ಎಪ್‌ಸ್ಟೈನ್-ಬಾರ್ ವೈರಸ್, ಅಂದರೆ ಇಬಿವಿ, ಇರುತ್ತದೆ. ಇದನ್ನು ಕೇಳಿದ ಕೂಡಲೇ ಮನೆಯವರು ಲೋಟ ತಟ್ಟೆ ಬೇರೆ ಮಾಡಲು ಹೊರಡುತ್ತಾರೆ. ಅದರ ಅಗತ್ಯವಿಲ್ಲ. ಈ ವೈರಸ್ ನಮ್ಮಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಚಿಕ್ಕಂದಿನಿಂದಲೇ ಸುಮ್ಮನೆ ಕೂತಿರುತ್ತದೆ. ಈ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಗಡ್ಡೆ ಬೆಳೆಯುವ ರೀತಿಯನ್ನು ಅರ್ಥ ಮಾಡಿಕೊಂಡರೆ ಬಯಾಪ್ಸಿ ಏಕೆ ಸೋಲುತ್ತದೆ ಅನ್ನುವುದು ಅರ್ಥವಾಗುತ್ತದೆ. ಈ ಕಣಗಳು ಸಣ್ಣ ರಕ್ತನಾಳಗಳ ಸುತ್ತ ಮುತ್ತಿಕೊಂಡು, ಗೋಡೆಯೊಳಗೆ ನುಗ್ಗಿ ನಾಳವನ್ನೇ ಹಾಳುಮಾಡುತ್ತವೆ. ಜೊತೆಗೆ ಬೇರೆ ಕಣಗಳನ್ನು ಕೊಲ್ಲುವ ಪ್ರೋಟೀನುಗಳನ್ನು ತಾವೇ ಹೊತ್ತಿರುತ್ತವೆ. ರಕ್ತ ನಿಂತ ಜಾಗ ಸಾಯುತ್ತದೆ. ಸತ್ತ ಜಾಗದ ಮೇಲೆ ಬ್ಯಾಕ್ಟೀರಿಯಾ ಬೆಳೆದು ಕೀವು, ಹಕ್ಕಳೆ, ದುರ್ವಾಸನೆ ಶುರುವಾಗುತ್ತದೆ. ಹೊಳ್ಳೆಯಿಂದ ಇಣುಕಿದರೆ ಕಾಣುವುದು ಈ ಸತ್ತ ಪದರ. ಅದರ ಅಡಿಯಲ್ಲಿ, ಅಂಚಿನಲ್ಲಿ ಇರುವುದು ಲಿಂಫೋಮಾ. ಮೇಲಿನ ಪದರವನ್ನು ಕಿತ್ತು ಕಳಿಸಿದರೆ ಪೆಥಾಲಜಿಸ್ಟ್ ಎಷ್ಟೇ ಪಳಗಿದವರಾದರೂ ‘ನೆಕ್ರೋಸಿಸ್’ ಎಂದಲ್ಲದೆ ಇನ್ನೇನು ಬರೆಯಲಾರರು.

ಯಾವಾಗ ಅನುಮಾನ ಪಡಬೇಕು?

ಸಾಮಾನ್ಯ ಸೈನಸ್ ತೊಂದರೆ ಎರಡೂ ಕಡೆ ಇರುತ್ತದೆ, ಏರಿಳಿಯುತ್ತದೆ, ಔಷಧಕ್ಕೆ ಬಗ್ಗುತ್ತದೆ. ಒಂದೇ ಹೊಳ್ಳೆ ಕಟ್ಟಿ, ರಕ್ತ ಬೆರೆತ ಕೆಟ್ಟ ವಾಸನೆಯ ಗೊಣ್ಣೆ ಮೂರು ನಾಲ್ಕು ವಾರವಾದರೂ ನಿಲ್ಲದೆ, ಒಂದು ಕೋರ್ಸ್ ಆಂಟಿಬಯಾಟಿಕ್ ಮುಗಿದರೂ ಹಾಗೇ ಇದ್ದರೆ ಎಂಡೋಸ್ಕೋಪ್ ಹಾಕಿ ಒಳಗೆ ನೋಡಲೇಬೇಕು. ಕೆನ್ನೆ ಅಥವಾ ಕಣ್ಣುರೆಪ್ಪೆ ಊದುವುದು, ಅಂಗುಳದ ನಡುವೆ ಹುಣ್ಣು, ಕುಡಿದ ನೀರು ಮೂಗಿನಲ್ಲಿ ಬರುವುದು, ಮೂಗಿನ ನಡುಗೋಡೆಯಲ್ಲಿ ತೂತು, ಕಾರಣವಿಲ್ಲದ ಜ್ವರ ಮತ್ತು ತೂಕ ಇಳಿಕೆ, ಇವುಗಳಲ್ಲಿ ಯಾವುದಿದ್ದರೂ ಕಾಯುವುದಕ್ಕೆ ಅರ್ಥವಿಲ್ಲ.

ಸ್ಟೀರಾಯ್ಡ್ ಮಾತ್ರೆಯ ವಿಷಯವನ್ನು ಒತ್ತಿ ಹೇಳಬೇಕು. ‘ಅಲರ್ಜಿ ಇರಬಹುದು’ ಎಂದು ಐದು ದಿನ ಪ್ರೆಡ್ನಿಸೊಲೋನ್ ಕೊಟ್ಟರೆ ಊತ ಇಳಿಯುತ್ತದೆ, ಉಸಿರು ಸಲೀಸಾಗುತ್ತದೆ, ರೋಗಿಗೆ ಖುಷಿಯಾಗುತ್ತದೆ. ಲಿಂಫೋಮಾ ಕಣಗಳೂ ಸ್ಟೀರಾಯ್ಡಿಗೆ ಸ್ವಲ್ಪ ಕುಗ್ಗುತ್ತವೆ. ಆ ಹೊತ್ತಿನಲ್ಲಿ ತೆಗೆದ ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗಬಹುದು. ಕೆಲವು ವಾರಗಳಲ್ಲಿ ಕಾಯಿಲೆ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ. ಜೀವಕ್ಕೆ ಅಪಾಯವಿಲ್ಲದಿದ್ದರೆ ಬಯಾಪ್ಸಿ ಆಗುವ ತನಕ ಸ್ಟೀರಾಯ್ಡ್ ಮಾತ್ರೆ ಬೇಡ. ಈಗಾಗಲೇ ತೆಗೆದುಕೊಂಡಿದ್ದರೆ ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಮಿಲಿಗ್ರಾಂ ಎಂಬುದು ಬಯಾಪ್ಸಿ ಫಾರಂ ಮೇಲೆ ಬರಬೇಕು.

ಇದೇ ರೀತಿ ಕಾಣುವ ಬೇರೆ ಕಾಯಿಲೆಗಳಿವೆ. ಕರ್ನಾಟಕದ ಇಎನ್‌ಟಿ ವೈದ್ಯರಿಗೆ 2021ರ ಕೋವಿಡ್ ಎರಡನೇ ಅಲೆಯ ನಂತರ ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಮೊದಲು ನೆನಪಾಗುವುದು ಮ್ಯೂಕರ್, ಅಂದರೆ ಕಪ್ಪು ಶಿಲೀಂಧ್ರ. ನೆನಪಾಗಲೇಬೇಕು, ಏಕೆಂದರೆ ಅದು ದಿನಗಳಲ್ಲಿ ಕೊಲ್ಲುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದು, ಕಣ್ಣು ಕೆನ್ನೆ ನಾಲ್ಕೈದು ದಿನದಲ್ಲೇ ಊದಿ ನೋಯುತ್ತಿದ್ದರೆ ಶಿಲೀಂಧ್ರದ ಎಳೆಗಳನ್ನು ಹುಡುಕುವ ಕೆಒಎಚ್ ಪರೀಕ್ಷೆ ಅದೇ ದಿನ ಆಗಬೇಕು. ವಾರ, ತಿಂಗಳು ಎಳೆದುಕೊಂಡು ಬಂದಿದ್ದು, ಸಕ್ಕರೆ ಸರಿಯಾಗಿದ್ದು, ಕೆಒಎಚ್‌ನಲ್ಲಿ ಅಗಲವಾದ ಎಳೆಗಳು ಕಾಣದಿದ್ದರೆ ಶಿಲೀಂಧ್ರದ ಔಷಧ ಆಂಫೊಟೆರಿಸಿನ್ ಮುಂದುವರಿಸುತ್ತಾ ಕೂರುವುದು ಸರಿಯಲ್ಲ. ಇನ್ನೊಂದು ಎಚ್ಚರ: ಸತ್ತ ಅಂಗಾಂಶದ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡೂ ಬಂದು ಕೂರುತ್ತವೆ. ಕಲ್ಚರಿನಲ್ಲಿ ಸ್ಟೆಫೈಲೊಕಾಕಸ್ ಬೆಳೆಯಿತು ಎಂದ ಮಾತ್ರಕ್ಕೆ ಕೆಳಗೆ ಲಿಂಫೋಮಾ ಇಲ್ಲ ಎಂದಾಗುವುದಿಲ್ಲ.

ವೆಗೆನರ್ಸ್ ಎಂದು ಹಿಂದೆ ಕರೆಯುತ್ತಿದ್ದ, ರಕ್ತನಾಳಗಳ ಉರಿಯೂತದ ಜಿಪಿಎ ಕಾಯಿಲೆಯೂ ಮೂಗನ್ನು ತಿನ್ನುತ್ತದೆ. ಅದಕ್ಕೆ ಪಿಆರ್3-ಆಂಕಾ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಎದೆಯ ಸಿಟಿ ನೆರವಾಗುತ್ತವೆ. ಜಿಪಿಎ ಸಾಮಾನ್ಯವಾಗಿ ಅಂಗುಳವನ್ನು ತೂತು ಮಾಡುವುದಿಲ್ಲ. ಅಂಗುಳ ತೂತಾಗಿದ್ದು ಆಂಕಾ ನೆಗೆಟಿವ್ ಇದ್ದರೆ ‘ಆಂಕಾ ನೆಗೆಟಿವ್ ಜಿಪಿಎ’ ಎಂಬ ಹಣೆಪಟ್ಟಿ ಹಚ್ಚುವ ಮೊದಲು ಇನ್ನೊಂದು ಬಯಾಪ್ಸಿ ಆಗಲಿ. ಟಿಬಿ ವಿಷಯದಲ್ಲೂ ಅಷ್ಟೇ. ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ನೆಗೆಟಿವ್, ಬಯಾಪ್ಸಿಯಲ್ಲಿ ಟಿಬಿಯ ಗುರುತಾದ ಗ್ರಾನುಲೋಮಾ (ಉರಿಯೂತದ ಸಣ್ಣ ಗಂಟು) ಇಲ್ಲ, ಕಲ್ಚರ್ ಇಲ್ಲ, ಆದರೂ ‘ನೋಡೋಣ’ ಎಂದು ಟಿಬಿ ಮಾತ್ರೆ ಶುರುಮಾಡಿದರೆ ಈ ಕಾಯಿಲೆಯಲ್ಲಿ ಎರಡು ತಿಂಗಳು ಸುಮ್ಮನೆ ಹೋಗುತ್ತದೆ.

ಬಯಾಪ್ಸಿ ಹೇಗಾಗಬೇಕು

ಮೊದಲು ಸ್ಕ್ಯಾನ್, ಆಮೇಲೆ ಬಯಾಪ್ಸಿ. ಕತ್ತರಿಸಿದ ಮೇಲೆ ರಕ್ತ, ಊತ ಸೇರಿ ಎಂಆರ್‌ಐನಲ್ಲಿ ಗಡ್ಡೆಯ ಗಡಿ ಮಸುಕಾಗುತ್ತದೆ. ಕಾಂಟ್ರಾಸ್ಟ್ ಎಂಆರ್‌ಐ ನೋಡಿದರೆ ಜೀವಂತ ಭಾಗ ಬಣ್ಣ ಹಿಡಿಯುತ್ತದೆ, ಸತ್ತ ಭಾಗ ಹಿಡಿಯುವುದಿಲ್ಲ. ಎಲ್ಲಿ ಕತ್ತರಿಸಬೇಕೆಂದು ಅದೇ ತೋರಿಸುತ್ತದೆ.

ಓಪಿಡಿಯಲ್ಲಿ ಕುರ್ಚಿ ಮೇಲೆ ಕೂರಿಸಿ ಒಂದು ತುಣುಕು ಕಿತ್ತರೆ ಸಾಲದು. ಆಪರೇಷನ್ ಥಿಯೇಟರಿನಲ್ಲಿ, ಸಾಧ್ಯವಾದರೆ ಪೂರ್ತಿ ಅರಿವಳಿಕೆ ಕೊಟ್ಟು ಮಾಡುವುದು ಒಳ್ಳೆಯದು. ಪ್ಲೇಟ್‌ಲೆಟ್, ಪಿಟಿ-ಐಎನ್‌ಆರ್ ಮೊದಲೇ ನೋಡಿರಬೇಕು, ಏಕೆಂದರೆ ಈ ಗಡ್ಡೆ ರಕ್ತ ಸುರಿಸುತ್ತದೆ. ಔಷಧದಲ್ಲಿ ನೆನೆಸಿದ ಹತ್ತಿ ಪಟ್ಟಿ ಇಟ್ಟು ಮೂಗು ಬಿಡಿಸಿ, ಹಕ್ಕಳೆ ಕೀವನ್ನೆಲ್ಲ ಸಕ್ಷನ್ ಮಾಡಿ, ಬೂದು ಬಣ್ಣದ ಸತ್ತ ಪದರವನ್ನು ಸರಿಸುತ್ತಾ ಹೋಗಬೇಕು. ಎಲ್ಲಿ ಮುಟ್ಟಿದರೆ ರಕ್ತ ಜಿನುಗುತ್ತದೋ ಅಲ್ಲಿಂದ ಕೆಲಸ ಶುರು. ಹುಣ್ಣಿನ ಅಂಚು, ಕೆಳಗಿನ ಟರ್ಬಿನೇಟ್, ನಡುಗೋಡೆ, ಮೂಗಿನ ತಳ, ಇವುಗಳಲ್ಲಿ ಕೆಟ್ಟಿರುವ ಜಾಗಗಳಿಂದ ಐದಾರು ತುಣುಕಾದರೂ ಆಳವಾಗಿ ಬೇಕು. ಮೂಗಿನ ಹಿಂಬದಿಯ ನೇಸೊಫ್ಯಾರಿಂಕ್ಸನ್ನೂ ನೋಡಿ, ಅನುಮಾನವಿದ್ದರೆ ಅಲ್ಲಿಂದಲೂ ತೆಗೆಯಬೇಕು. ಎಳೆದು ಹರಿಯುವ ಫೋರ್ಸೆಪ್ಸ್‌ಗಿಂತ ಕತ್ತರಿಸುವ ಅಂಚಿನದು ವಾಸಿ. ಲಿಂಫಾಯ್ಡ್ ಕಣಗಳು ಬಲು ನಾಜೂಕು. ಹಿಂಡಿದರೆ ಜಜ್ಜಿ ಎಳೆಎಳೆಯಾಗಿ ಹರಡಿಕೊಳ್ಳುತ್ತವೆ, ಯಾವ ಸ್ಟೇನ್ (ಕಣ ಗುರುತಿಸಲು ಹಾಕುವ ಬಣ್ಣ) ಹಾಕಿದರೂ ಓದಲಾಗುವುದಿಲ್ಲ. ತೆಗೆದ ತುಣುಕನ್ನು ಒಣ ಗಾಜ್ ಮೇಲೆ ಇಟ್ಟು ಮರೆಯುವುದೂ ಅಷ್ಟೇ ಕೆಟ್ಟದ್ದು. ಐದು ಮಿಲಿಮೀಟರಿನ ತುಣುಕು ಥಿಯೇಟರಿನ ಎಸಿ ಗಾಳಿಗೆ ಬೇಗ ಒಣಗುತ್ತದೆ.

ಡಬ್ಬಿ ಕನಿಷ್ಠ ಎರಡು. ಒಂದರಲ್ಲಿ ಹತ್ತು ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್, ತುಣುಕಿನ ಗಾತ್ರದ ಹತ್ತು ಪಟ್ಟಾದರೂ ದ್ರವ; ಇದು ಪೆಥಾಲಜಿಗೆ. ಇನ್ನೊಂದರಲ್ಲಿ ಸ್ಟೆರೈಲ್ ಸಲೈನ್; ಇದು ಕೆಒಎಚ್, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ ಕಲ್ಚರ್, ಸಿಬಿನ್ಯಾಟ್‌ಗೆ. ಎಲ್ಲವನ್ನೂ ಫಾರ್ಮಾಲಿನ್‌ಗೆ ಹಾಕಿದರೆ ಕಲ್ಚರ್ ಹೋಯಿತು. ಲಿಂಫೋಮಾ ತುಣುಕನ್ನು ಸಲೈನಿನಲ್ಲಿ ರಾತ್ರಿಯಿಡೀ ಬಿಟ್ಟರೆ ಕಣಗಳು ಕೊಳೆತವು. ತಾಜಾ ಕಣಗಳ ಮೇಲ್ಮೈ ಗುರುತು ನೋಡುವ ಫ್ಲೋ ಸೈಟೊಮೆಟ್ರಿ ಇರುವ ಕಡೆ ಮೂರನೆಯ ತಾಜಾ ತುಣುಕನ್ನು ಲ್ಯಾಬಿಗೆ ಮೊದಲೇ ತಿಳಿಸಿ ಕಳಿಸಬಹುದು.

ಫಾರಂ ಮೇಲೆ ‘ಮೂಗಿನ ಬಯಾಪ್ಸಿ, ಕಾರಣ ತಿಳಿಸಿ’ ಎಂದು ಬರೆದು ಕಳಿಸಿದರೆ ಪೆಥಾಲಜಿಸ್ಟ್ ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ. ‘ಎನ್‌ಕೆ/ಟಿ ಲಿಂಫೋಮಾ ಅನುಮಾನವಿದೆ’ ಎಂದು ಸ್ಪಷ್ಟವಾಗಿ ಬರೆಯಿರಿ. ಎಷ್ಟು ದಿನದಿಂದ, ಸ್ಕ್ಯಾನಿನಲ್ಲಿ ಏನಿದೆ, ಹಿಂದಿನ ಬಯಾಪ್ಸಿ ನಂಬರ್ ಏನು ಎಂಬುದೂ ಬೇಕು. ಅದರಿಂದ ಮೊದಲ ದಿನವೇ ಬ್ಲಾಕಿನಿಂದ (ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿ) ಹೆಚ್ಚುವರಿ ಸೆಕ್ಷನ್, ಅಂದರೆ ತೆಳು ಪದರಗಳನ್ನು, ಕತ್ತರಿಸಿ ಇಡುತ್ತಾರೆ. ಸಣ್ಣ ತುಣುಕಿನಲ್ಲಿ ಪದೇ ಪದೇ ಬ್ಲಾಕ್ ಹಾಕಿ ಕತ್ತರಿಸಿದರೆ ಮುಖ್ಯವಾದ ಸ್ಟೇನ್ ಬರುವಷ್ಟರಲ್ಲಿ ಅಂಗಾಂಶವೇ ಮುಗಿದಿರುತ್ತದೆ.

ಒಮ್ಮೆ ‘ನೆಕ್ರೋಸಿಸ್’ ಎಂದು ಬಂದರೆ ಎರಡನೆಯದು. ಅದೂ ಹಾಗೇ ಬಂದು ಅನುಮಾನ ಉಳಿದಿದ್ದರೆ ಮೂರನೆಯದು. ರೋಗಿಗೆ ಇದು ಹಿಂಸೆ, ನಿಜ. ಆದರೆ ಕಾಯಿಲೆ ಏನೆಂದು ತಿಳಿಯದೆ ಬೇರೆ ಬೇರೆ ಔಷಧ ಹಾಕುತ್ತಾ ಹೋಗುವುದು ಅದಕ್ಕಿಂತ ದೊಡ್ಡ ಹಿಂಸೆ.

ಸ್ಟೇನ್‌ಗಳ ವಿಷಯ

ಬೇಕಾದದ್ದು ಕಣ ಯಾವ ಜಾತಿಯದೆಂದು ತೋರಿಸುವ ಸಿಡಿ3, ಸಿಡಿ20, ಸಿಡಿ56, ಗ್ರಾಂಜೈಮ್ ಬಿ ಅಥವಾ ಟಿಐಎ-1ರಂಥ ಸೈಟೊಟಾಕ್ಸಿಕ್ (ಕಣ ಕೊಲ್ಲುವ ಪ್ರೋಟೀನಿನ) ಗುರುತು, ಮತ್ತು ಕಣದೊಳಗೆ ಇಬಿವಿ ಇದೆಯೇ ಎಂದು ನೋಡುವ ಇಬಿಇಆರ್. ಎನ್‌ಕೆ ಕಣದ ಮೇಲ್ಮೈಯಲ್ಲಿ ಸಿಡಿ3 ಇಲ್ಲ, ಒಳಗೆ ಅದರ ಎಪ್ಸಿಲಾನ್ ಭಾಗ ಇದೆ. ಹಾಗಾಗಿ ಮೇಣದ ಬ್ಲಾಕಿನ ಮೇಲೆ ಹಾಕುವ ಸಿಡಿ3 ಪಾಸಿಟಿವ್ ಬರುತ್ತದೆ, ಫ್ಲೋನಲ್ಲಿ ನೆಗೆಟಿವ್ ಬರುತ್ತದೆ. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ಸಿಡಿ3 ಮಾತ್ರ ನೋಡಿ ‘ಟಿ ಸೆಲ್ ಲಿಂಫೋಮಾ’ ಎಂದು ನಿಲ್ಲಿಸಿದ ರಿಪೋರ್ಟು ಅರ್ಧ ರಿಪೋರ್ಟು. ಅದನ್ನು ಹಿಡಿದು ಹೋದರೆ ತಪ್ಪು ಕೀಮೊ ಸಿಗುತ್ತದೆ. ಸಿಡಿ56 ಒಂದೇ ನೋಡಿದರೂ ಸಾಲದು. ಮೂಗಿನ ಮೇಲ್ಭಾಗದಲ್ಲಿ ಬರುವ ಆಲ್ಫ್ಯಾಕ್ಟರಿ ನ್ಯೂರೋಬ್ಲಾಸ್ಟೋಮಾ ಎಂಬ ಬೇರೆ ಕ್ಯಾನ್ಸರಿನಲ್ಲೂ ಅದು ಪಾಸಿಟಿವ್. ಸಿಡಿ56 ನೆಗೆಟಿವ್ ಆದ ಎನ್‌ಕೆ/ಟಿ ಲಿಂಫೋಮಾಗಳೂ ಇವೆ. ಅವುಗಳಲ್ಲಿ ಸೈಟೊಟಾಕ್ಸಿಕ್ ಗುರುತು ಮತ್ತು ಇಬಿಇಆರ್ ಎರಡೂ ಪಾಸಿಟಿವ್ ಇದ್ದರೆ ಮಾತ್ರ ರೋಗನಿರ್ಣಯ ನಿಲ್ಲುತ್ತದೆ.

ಇಬಿಇಆರ್ ನೆಗೆಟಿವ್ ಬಂದರೆ ರೋಗನಿರ್ಣಯವನ್ನೇ ಮತ್ತೆ ಯೋಚಿಸಬೇಕು. ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿ: ತುಣುಕಿನಲ್ಲಿ ಎಲುಬಿನ ಚೂರಿತ್ತೇ, ಅದನ್ನು ಮೆತ್ತಗೆ ಮಾಡಲು ಆಸಿಡ್‌ನಲ್ಲಿ ಇಟ್ಟಿದ್ದರೇ? ಇಬಿಇಆರ್ ಹುಡುಕುವುದು ವೈರಸ್ಸಿನ ಆರ್‌ಎನ್‌ಎಯನ್ನು. ಬಲವಾದ ಆಸಿಡ್ ಅದನ್ನು ಹಾಳುಮಾಡುತ್ತದೆ. ಎಲುಬಿನ ಚೂರನ್ನು ಬೇರೆ ಮಾಡಿ ಮೃದು ಅಂಗಾಂಶವನ್ನು ಹಾಗೇ ಪ್ರೋಸೆಸ್ ಮಾಡಬೇಕು, ಇಲ್ಲವೇ ಆಸಿಡ್ ಬದಲು ಮೃದುವಾದ ಇಡಿಟಿಎ ಬಳಸಬೇಕು. ಜೊತೆಗೆ ಅದೇ ಅಂಗಾಂಶದಲ್ಲಿ ಆರ್‌ಎನ್‌ಎ ಉಳಿದಿದೆಯೇ ಎಂದು ತೋರಿಸುವ ಕಂಟ್ರೋಲ್ ಪ್ರೋಬ್ ಇರಬೇಕು. ಇಬಿಇಆರ್ ಸೌಲಭ್ಯವಿಲ್ಲವೆಂದು ಇಬಿವಿಯ ಪ್ರೋಟೀನ್ ಹುಡುಕುವ ಎಲ್‌ಎಂಪಿ1 ಸ್ಟೇನ್ ಹಾಕಿ ನೆಗೆಟಿವ್ ಬಂತು ಎಂದರೆ ಅದಕ್ಕೆ ಬೆಲೆ ಕೊಡಬೇಡಿ, ಈ ಕಾಯಿಲೆಯಲ್ಲಿ ಅದು ಹಲವು ಸಲ ನೆಗೆಟಿವ್ ಇರುತ್ತದೆ.

ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ, ವೆಲ್ಲೂರಿನ ಸಿಎಂಸಿ ಅಥವಾ ಮುಂಬೈಯ ಟಾಟಾ ಮೆಮೋರಿಯಲ್ ಕಡೆ ಹೋಗುವವರು ಬರೀ ಸ್ಲೈಡ್ ಒಯ್ಯಬೇಡಿ, ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಹೊಸ ಸ್ಟೇನ್ ಹಾಕಲು ಬ್ಲಾಕೇ ಬೇಕು. ಸಹಿ ಹಾಕಿಸಿಕೊಂಡು ಕೊಡುತ್ತಾರೆ, ಕೇಳಲು ಹಿಂಜರಿಯುವುದು ಬೇಡ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.

ಕಾಯಿಲೆ ಎಷ್ಟು ಹರಡಿದೆ ಎಂದು ನೋಡಲು ಪೆಟ್-ಸಿಟಿ, ಮುಖದ ಎಂಆರ್‌ಐ, ಇಬಿಇಆರ್ ಸಹಿತ ಅಸ್ಥಿಮಜ್ಜೆ ಪರೀಕ್ಷೆ. ಚರ್ಮ, ಕರುಳು, ವೃಷಣಗಳಿಗೆ ಹೋಗುವ ಅಭ್ಯಾಸ ಇದಕ್ಕಿರುವುದರಿಂದ ಅವನ್ನೂ ನೋಡಬೇಕು. ರಕ್ತದಲ್ಲಿ ಎಲ್‌ಡಿಎಚ್, ಫೆರಿಟಿನ್, ಟ್ರೈಗ್ಲಿಸರೈಡ್, ಫೈಬ್ರಿನೋಜೆನ್, ಎಚ್‌ಐವಿ, ಹೆಪಟೈಟಿಸ್ ಸಿ, ಮತ್ತು ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ ಜೊತೆ ಆಂಟಿ-ಎಚ್‌ಬಿಸಿ ಕೂಡ. ಇಬಿವಿ ಡಿಎನ್‌ಎ ಪ್ರಮಾಣವನ್ನು ಪ್ಲಾಸ್ಮಾದಲ್ಲಿ ನೋಡಿಸಿ, ಇಡೀ ರಕ್ತದಲ್ಲಲ್ಲ. ಕೊನೆಯವರೆಗೂ ಒಂದೇ ಲ್ಯಾಬ್, ಒಂದೇ ಯೂನಿಟ್ ಇರಲಿ. ಒಂದು ಕಡೆ ಕಾಪಿಗಳಲ್ಲಿ, ಇನ್ನೊಂದು ಕಡೆ ಐಯು ಲೆಕ್ಕದಲ್ಲಿ ಬಂದರೆ ಏರಿತೋ ಇಳಿಯಿತೋ ತಿಳಿಯುವುದಿಲ್ಲ. ವಯಸ್ಸು 60 ದಾಟಿರುವುದು, ಮೂರು ಅಥವಾ ನಾಲ್ಕನೇ ಹಂತ, ದೂರದ ಗ್ರಂಥಿಗಳಿಗೆ ಹರಡಿರುವುದು, ಮೂಗಿನಲ್ಲಲ್ಲದೆ ಬೇರೆಡೆ ಶುರುವಾಗಿರುವುದು, ಈ ನಾಲ್ಕನ್ನು ಎಣಿಸುವ ‘ಪಿಂಕ್’ ಎಂಬ ಅಳತೆ 2016ರಲ್ಲಿ ಬಂತು. ಒಂದೂ ಇಲ್ಲದವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು 81 ಪರ್ಸೆಂಟ್, ಒಂದಿದ್ದರೆ 62, ಎರಡು ಅಥವಾ ಹೆಚ್ಚಿದ್ದರೆ 25. ಬೇಗ ಹಿಡಿಯಬೇಕು ಎಂದು ಇಷ್ಟು ಹಟ ಹಿಡಿಯುವುದು ಈ ಅಂಕಿಗಳಿಂದಲೇ.

ಚಿಕಿತ್ಸೆ: ಕ್ರಮ ಮುಖ್ಯ, ಔಷಧದ ಹೆಸರೂ ಮುಖ್ಯ

ಲಿಂಫೋಮಾ ಎಂದ ಕೂಡಲೇ ಬೇರೆ ಲಿಂಫೋಮಾಗಳಿಗೆ ರೂಢಿಯಲ್ಲಿರುವ ‘ಚಾಪ್’ ಕೀಮೊ ನೆನಪಾಗುತ್ತದೆ. ಇಲ್ಲಿ ಅದು ಕೆಲಸ ಮಾಡುವುದಿಲ್ಲ. ಈ ಕಣಗಳಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಇದ್ದು ಡಾಕ್ಸೊರುಬಿಸಿನ್, ವಿಂಕ್ರಿಸ್ಟೀನ್‌ಗಳನ್ನು ಹೊರಹಾಕುತ್ತದೆ. ಬರೆದ ಚೀಟಿಯಲ್ಲಿ ಆಸ್ಪರಾಜಿನೇಸ್ ಎಂಬ ಔಷಧ, ರೇಡಿಯೇಷನ್ ಎರಡೂ ಕಾಣದೆ ಚಾಪ್ ಮಾತ್ರ ಇದ್ದರೆ ರೋಗಿಯ ಕಡೆಯವರು ಧೈರ್ಯವಾಗಿ ಕಾರಣ ಕೇಳಬೇಕು.

ಮೂಗು ಮತ್ತು ಸುತ್ತಮುತ್ತಲಲ್ಲೇ ಇರುವ ಕಾಯಿಲೆಗೆ ಬೆನ್ನೆಲುಬು ರೇಡಿಯೇಷನ್, ಜನ ‘ಕರೆಂಟು ಕೊಡೋದು’ ಅನ್ನುತ್ತಾರಲ್ಲ, ಅದು. ಡೋಸ್ 50 ಗ್ರೇ (ರೇಡಿಯೇಷನ್ ಅಳೆಯುವ ಯೂನಿಟ್) ಅಥವಾ ಮೇಲೆ, ದಿನಕ್ಕೆ 1.8ರಿಂದ 2 ಗ್ರೇಯಂತೆ ಐದಾರು ವಾರ. ಬೇರೆ ಲಿಂಫೋಮಾಗಳಿಗೆ ಸಾಕಾಗುವ 30ರ ಆಸುಪಾಸಿನ ಡೋಸು ಇಲ್ಲಿ ಸಾಲದು. ಇದನ್ನು ಆರು ಸೈಕಲ್ ಕೀಮೊ ಮುಗಿಯಲಿ ಎಂದು ಕೊನೆಗೆ ತಳ್ಳುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಜಪಾನಿನ ಜೆಸಿಒಜಿ0211 ಅಧ್ಯಯನದಲ್ಲಿ 50 ಗ್ರೇ ಜೊತೆಜೊತೆಗೇ ಮೂರು ವಾರಕ್ಕೊಮ್ಮೆ ಮೂರು ಸಲ, ಮೂರನೇ ಎರಡು ಪ್ರಮಾಣದ ‘ಡೆವಿಕ್’ ಕೊಟ್ಟರು: ಕಾರ್ಬೊಪ್ಲಾಟಿನ್, ಇಟೊಪೊಸೈಡ್, ಐಫೊಸ್ಫಮೈಡ್, ಡೆಕ್ಸಾಮೆಥಸೋನ್. ಎರಡು ವರ್ಷದಲ್ಲಿ 78 ಪರ್ಸೆಂಟ್ ಜನ ಬದುಕಿದ್ದರು. ಹಳೆಯ ಲೆಕ್ಕದಲ್ಲಿ ರೇಡಿಯೇಷನ್ ಒಂದೇ ಕೊಟ್ಟವರಲ್ಲಿ ಇದು 45. ಆಸ್ಪರಾಜಿನೇಸ್ ಇರುವ ಕೀಮೊ ಎರಡು ಸೈಕಲ್ ಕೊಟ್ಟು, ನಡುವೆ ರೇಡಿಯೇಷನ್, ಮತ್ತೆ ಕೀಮೊ ಎಂಬ ಕ್ರಮವೂ ರೂಢಿಯಲ್ಲಿದೆ. ಕೀಮೊ ಮೊದಲು ಬಂದರೆ ಗಡ್ಡೆ ಕರಗಿರುತ್ತದೆ, ಆದರೂ ರೇಡಿಯೇಷನ್ನಿನ ಗಡಿ ಎಳೆಯಬೇಕಾದದ್ದು ಮೊದಲಿದ್ದ ಗಡ್ಡೆಯನ್ನು ನೋಡಿ. ಚಿಕಿತ್ಸೆಗೆ ಮುಂಚಿನ ಎಂಆರ್‌ಐ, ಪೆಟ್ ಸಿಡಿಗಳನ್ನು ಎಲ್ಲಿಗೆ ಹೋದರೂ ಜೊತೆಗಿಟ್ಟುಕೊಳ್ಳಿ. ಕಾಗದದ ರಿಪೋರ್ಟು ಸಾಲದು.

ರೇಡಿಯೇಷನ್ನಿಗೆ ಮುಂಚೆ ಹಲ್ಲಿನ ಡಾಕ್ಟರ್ ನೋಡಲೇಬೇಕು. ಕೀಳಬೇಕಾದ ಹಲ್ಲನ್ನು ಎರಡು ವಾರ ಮೊದಲೇ ಕಿತ್ತು, ಗಾಯ ಮಾಯಬೇಕು.

ಹರಡಿದ ಕಾಯಿಲೆಗೆ ಆಸ್ಪರಾಜಿನೇಸ್ ಇರುವ ಕೀಮೊವೇ ಆಧಾರ. ನಮ್ಮ ಸಹಜ ಕಣಗಳು ಆಸ್ಪರಜೀನ್ ಎಂಬ ಅಮೈನೊ ಆಸಿಡ್ಡನ್ನು ತಾವೇ ತಯಾರಿಸಿಕೊಳ್ಳುತ್ತವೆ, ಈ ಲಿಂಫೋಮಾ ಕಣಗಳಿಗೆ ಆ ಸಾಮರ್ಥ್ಯ ತೀರಾ ಕಡಿಮೆ. ರಕ್ತದಲ್ಲಿರುವುದನ್ನೂ ಔಷಧ ಒಡೆದುಹಾಕಿದರೆ ಅವು ಸಾಯುತ್ತವೆ. ‘ಸ್ಮೈಲ್’ ಕ್ರಮ ಹೀಗಿದೆ: ಮೊದಲ ದಿನ ಮೆಥೊಟ್ರೆಕ್ಸೇಟ್ ಮೈಯ ಮೇಲ್ಮೈಯ ಚದರ ಮೀಟರಿಗೆ 2 ಗ್ರಾಂ, 2ರಿಂದ 4ನೇ ದಿನ ಐಫೊಸ್ಫಮೈಡ್ ಚದರ ಮೀಟರಿಗೆ 1500 ಮಿಲಿಗ್ರಾಂ, ಇಟೊಪೊಸೈಡ್ ಚದರ ಮೀಟರಿಗೆ 100 ಮಿಲಿಗ್ರಾಂ, ಡೆಕ್ಸಾಮೆಥಸೋನ್ ದಿನಕ್ಕೆ 40 ಮಿಲಿಗ್ರಾಂ, 8ನೇ ದಿನದಿಂದ 20ರವರೆಗೆ ದಿನ ಬಿಟ್ಟು ದಿನ ಎಲ್-ಆಸ್ಪರಾಜಿನೇಸ್ ಚದರ ಮೀಟರಿಗೆ 6000 ಯೂನಿಟ್, ಒಟ್ಟು ಏಳು ಸಲ, 28 ದಿನಕ್ಕೊಂದು ಸೈಕಲ್. ಪರಿಣಾಮ ಜೋರು, ಸೋಂಕಿನ ಅಪಾಯವೂ ಅಷ್ಟೇ ಜೋರು. ಚೀನಾದಲ್ಲಿ 80 ರೋಗಿಗಳ ಮೇಲೆ ಸ್ಮೈಲ್ ಜೊತೆ ಹೋಲಿಸಿ ನೋಡಿದಾಗ ಪೆಗ್‌ಆಸ್ಪರ್ಗೇಸ್ (ಆಸ್ಪರಾಜಿನೇಸಿನ ಇನ್ನೊಂದು ರೂಪ), ಜೆಮ್ಸಿಟಬೀನ್, ಸಿಸ್‌ಪ್ಲಾಟಿನ್, ಡೆಕ್ಸಾಮೆಥಸೋನ್ ಸೇರಿದ ‘ಡಿಡಿಜಿಪಿ’ ಕಾಯಿಲೆಯನ್ನು ಹೆಚ್ಚು ಕಾಲ ತಡೆಯಿತು, ತೊಂದರೆಯೂ ಕಡಿಮೆ. ಪೆಗ್‌ಆಸ್ಪರ್ಗೇಸ್, ಜೆಮ್ಸಿಟಬೀನ್, ಆಕ್ಸಾಲಿಪ್ಲಾಟಿನ್ ಸೇರಿದ ‘ಪಿ-ಜೆಮಾಕ್ಸ್’ ಕ್ರಮಕ್ಕೆ ರಕ್ತದಲ್ಲಿ ಮೆಥೊಟ್ರೆಕ್ಸೇಟ್ ಲೆವೆಲ್ ನೋಡುವ ತಾಪತ್ರಯವಿಲ್ಲ. ಲೆವೆಲ್ ಪರೀಕ್ಷೆ ಅದೇ ದಿನ ಸಿಗದ ಊರಿನಲ್ಲಿ ಸ್ಮೈಲ್‌ಗೆ ಕೈಹಾಕದಿರುವುದೇ ಮೇಲು.

ಮೆಥೊಟ್ರೆಕ್ಸೇಟ್ ಕೊಡುವಾಗ ಎಡವುವುದು ಬಹಳ ಸಣ್ಣ ಮಾತ್ರೆಗಳಲ್ಲಿ. ನಮ್ಮಲ್ಲಿ ಯಾವ ಅಡ್ಮಿಷನ್ ಚಾರ್ಟ್ ತೆಗೆದರೂ ಮೊದಲ ಸಾಲಿನಲ್ಲಿ ಪ್ಯಾಂಟೊಪ್ರಜೋಲ್ ಇರುತ್ತದೆ. ಅದು ಮೆಥೊಟ್ರೆಕ್ಸೇಟ್ ಮೂತ್ರದಲ್ಲಿ ಹೋಗುವುದನ್ನು ತಡೆಯಬಲ್ಲದು. ಡೈಕ್ಲೊಫೆನಾಕ್, ಐಬುಪ್ರೊಫೆನ್, ಕೋಟ್ರೈಮಾಕ್ಸಜೋಲ್, ಪೈಪರಾಸಿಲಿನ್ ಕೂಡ ಹಾಗೇ. ಔಷಧ ಪೂರ್ತಿ ಇಳಿಯುವವರೆಗೆ ಇವೆಲ್ಲ ಬಂದ್ ಆಗಬೇಕು. ಸೋಡಾ ಬೈಕಾರ್ಬ್ ಕೊಟ್ಟು ಮೂತ್ರದ ಪಿಎಚ್ 7ಕ್ಕಿಂತ ಮೇಲೆ ಇರುವಂತೆ ನೋಡಿಕೊಳ್ಳಬೇಕು, ಪ್ರತಿ ಸಲ ಮೂತ್ರ ಮಾಡಿದಾಗಲೂ ಪಟ್ಟಿ ಅದ್ದಿ ನೋಡುವುದನ್ನು ಮನೆಯವರಿಗೇ ಕಲಿಸಬಹುದು.

ಆಸ್ಪರಾಜಿನೇಸ್ ಅಲರ್ಜಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಕಾಣದ ಮೋಸ ಒಂದಿದೆ. ಕೆಲವರ ಮೈಯಲ್ಲಿ ದದ್ದು, ಜ್ವರ ಏನೂ ಇಲ್ಲದೆ ಔಷಧದ ವಿರುದ್ಧ ಆಂಟಿಬಾಡಿ ಹುಟ್ಟಿ, ಹಾಕಿದ್ದೆಲ್ಲ ನಿಷ್ಕ್ರಿಯವಾಗುತ್ತದೆ. ಮುಂಚಿತವಾಗಿ ಸ್ಟೀರಾಯ್ಡ್, ಅವಿಲ್ ಕೊಟ್ಟರೆ ಅಲರ್ಜಿಯ ಲಕ್ಷಣವೂ ಮುಚ್ಚಿಹೋಗುತ್ತದೆ. ಇದನ್ನು ತಿಳಿಯುವ ದಾರಿ ರಕ್ತದಲ್ಲಿ ಆಸ್ಪರಾಜಿನೇಸ್ ಚಟುವಟಿಕೆ ಅಳೆಯುವುದು. ಮುಂದಿನ ಡೋಸಿಗೆ ಮುಂಚೆ ಮಿಲಿಲೀಟರಿಗೆ 0.1 ಐಯು ಆದರೂ ಇರಬೇಕು. ಭಾರತದ ಕೆಲವು ಜೆನೆರಿಕ್ ಆಸ್ಪರಾಜಿನೇಸ್‌ಗಳಲ್ಲಿ ಚಟುವಟಿಕೆ ಸಾಕಾಗುತ್ತಿಲ್ಲ ಎಂದು ತೋರಿಸಿದ ಅಧ್ಯಯನಗಳಿವೆ. ಆದ್ದರಿಂದ ಲೆವೆಲ್ ಪರೀಕ್ಷೆ ಸಿಗುವ ಕಡೆ ಮಾಡಿಸದೆ ಬಿಡಬಾರದು. ಔಷಧವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಬಾರದು, ಜೋರಾಗಿ ಕುಲುಕಬಾರದು. ಹೊರಗಿನ ಅಂಗಡಿಯಿಂದ ತರುವಾಗ ಐಸ್ ಪ್ಯಾಕಿಗೆ ಸೀಸೆ ನೇರವಾಗಿ ತಾಗದಂತೆ ಬಟ್ಟೆಯಲ್ಲಿ ಸುತ್ತಿ, ಬ್ಯಾಚ್ ನಂಬರಿನ ಫೋಟೊ ತೆಗೆದಿಡಿ.

ಈ ಔಷಧ ರಕ್ತಸ್ರಾವಕ್ಕೂ ದಾರಿ, ಹೆಪ್ಪುಗಟ್ಟುವುದಕ್ಕೂ ದಾರಿ, ಏಕೆಂದರೆ ಲಿವರ್ ತಯಾರಿಸುವ ಎರಡೂ ಬಗೆಯ ಪ್ರೋಟೀನುಗಳು ಇಳಿಯುತ್ತವೆ. ಬಿಡದ ತಲೆನೋವು, ವಾಂತಿ, ಫಿಟ್ಸ್ ಬಂದರೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಎಂಆರ್ ವೀನೊಗ್ರಾಂ ಬೇಕು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೋಗುವ ನೋವನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕಬೇಡಿ. ಲೈಪೇಸ್ ನೋಡಿಸಿ, ಪ್ಯಾಂಕ್ರಿಯಾಟೈಟಿಸ್ ಇರಬಹುದು. ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನೊಂದು ತುರ್ತು ಎಚ್‌ಎಲ್‌ಎಚ್, ಅಂದರೆ ರೋಗನಿರೋಧಕ ಕಣಗಳು ಹತೋಟಿ ತಪ್ಪಿ ನಮ್ಮ ದೇಹದ ಮೇಲೇ ಬೀಳುವ ಸ್ಥಿತಿ. ಲಕ್ಷಣಗಳು ಇವು: ಆಂಟಿಬಯಾಟಿಕ್‌ಗೆ ಜಗ್ಗದ ಜ್ವರ, ಗುಲ್ಮ ದೊಡ್ಡದಾಗುವುದು, ಮೂರೂ ಬಗೆಯ ರಕ್ತಕಣ ಇಳಿಯುವುದು, ಫೆರಿಟಿನ್ ಸಾವಿರಗಳಿಗೆ ಏರುವುದು, ಫೈಬ್ರಿನೋಜೆನ್ ಕುಸಿಯುವುದು. ಸೋಂಕು ಎಂದುಕೊಂಡು ಆಂಟಿಬಯಾಟಿಕ್ ಬದಲಾಯಿಸುತ್ತಾ ಕೂತರೆ ರೋಗಿ ಕೈತಪ್ಪುತ್ತಾರೆ. ಇಲ್ಲಿ ಮಾತ್ರ ಸ್ಟೀರಾಯ್ಡ್, ಇಟೊಪೊಸೈಡ್‌ಗಳನ್ನು ತಡಮಾಡದೆ ಶುರುಮಾಡಬೇಕಾಗಬಹುದು. ಬಯಾಪ್ಸಿ ಆಗಿರದಿದ್ದರೆ ಅದೇ ದಿನ ಮಾಡಿ.

ಮರುಕಳಿಸಿದರೆ ಪೆಂಬ್ರೊಲಿಜುಮಾಬ್‌ನಂಥ ಪಿಡಿ-1 ಔಷಧಗಳು ಹಲವರಲ್ಲಿ ಕೆಲಸ ಮಾಡಿವೆ, ಬೆಲೆ ದುಬಾರಿ. ಒಪ್ಪುವ ದಾನಿ ಸಿಕ್ಕಿ ದೇಹ ತಡೆದುಕೊಳ್ಳುವಂತಿದ್ದರೆ ಅಸ್ಥಿಮಜ್ಜೆ ಕಸಿಯ ಬಗ್ಗೆ ಆಗಲೇ ಮಾತಾಡಬೇಕು. ಖರ್ಚಿನ ವಿಷಯಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಮುಂಗಡ ಒಪ್ಪಿಗೆಗೆ ಪೂರ್ಣ ಬಯಾಪ್ಸಿ ರಿಪೋರ್ಟು ಕೇಳುತ್ತಾರೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ.

ಮೂಗಿನ ಆರೈಕೆ, ಆಮೇಲಿನ ದಿನಗಳು

ರೇಡಿಯೇಷನ್ ಶುರುವಾದ ಮೇಲೆ ಒಳಗೆ ಹಕ್ಕಳೆ ಕಟ್ಟುತ್ತದೆ, ತೊಳೆಯದಿದ್ದರೆ ಎರಡು ಬದಿ ಅಂಟಿಕೊಂಡು ದಾರಿ ಮುಚ್ಚುತ್ತದೆ. ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ, ಅದಕ್ಕೆ 9 ಗ್ರಾಂ ಉಪ್ಪು ಕರಗಿಸಿ, ಉರಿಯುತ್ತದೆ ಎಂದರೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಉಗುರುಬೆಚ್ಚಗೆ ದಿನಕ್ಕೆ ಎರಡು ಮೂರು ಸಲ ತೊಳೆಯಬಹುದು. ಅಂದಂದಿನ ನೀರು ಅಂದಂದಿಗೇ. ಯೋಗದಲ್ಲಿ ಜಲನೇತಿ ರೂಢಿಯಿದ್ದವರು ನಲ್ಲಿ ನೀರನ್ನೇ ನೇತಿ ಪಾತ್ರೆಗೆ ತುಂಬುತ್ತಾರೆ. ಕುದಿಸದ ನೀರಿನಲ್ಲಿರುವ ಅಮೀಬಾ ಮೂಗಿನಿಂದ ಮಿದುಳಿಗೆ ಹೋಗಬಲ್ಲದು, ರೋಗನಿರೋಧಕ ಶಕ್ತಿ ಇಳಿದವರಿಗಂತೂ ಅದು ಬೇಡವೇ ಬೇಡ. ರಕ್ತ ಬರುತ್ತಿದ್ದರೆ ಅಥವಾ ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದರೆ ತೊಳೆಯುವ ಮೊದಲು ವೈದ್ಯರನ್ನು ಕೇಳಿ.

ಅಂಗುಳ ತೂತಾಗಿ ಗಂಜಿಯೂ ಮೂಗಿಗೆ ಬರುತ್ತಿದ್ದರೆ ಹಲ್ಲಿನ ಆಸ್ಪತ್ರೆಯ ಪ್ರಾಸ್ತೊಡಾಂಟಿಸ್ಟ್ ಅಚ್ಚು ತೆಗೆದು ಅಬ್ಟ್ಯುರೇಟರ್ ಎಂಬ ಪ್ಲೇಟ್ ಮಾಡಿಕೊಡುತ್ತಾರೆ. ಮಾತು, ಊಟ ಎರಡೂ ಸುಧಾರಿಸುತ್ತವೆ. ಗಡ್ಡೆ ಕರಗಿದಂತೆ ತೂತಿನ ಆಕಾರ ಬದಲಾಗುವುದರಿಂದ ಪ್ಲೇಟನ್ನು ಆಗಾಗ ಹೊಂದಿಸಬೇಕಾಗುತ್ತದೆ. ಪ್ಲಾಸ್ಟಿಕ್ ಸರ್ಜರಿಗೆ ಆತುರ ಬೇಡ, ಕಾಯಿಲೆ ಪೂರ್ತಿ ಅಡಗಿದೆ ಎಂದು ಕೆಲವು ಕಾಲ ನೋಡಿದ ಮೇಲೆಯೇ ಅದು.

ರೇಡಿಯೇಷನ್ ಮುಗಿದ ಕೂಡಲೇ ಪೆಟ್ ಮಾಡಿಸಿದರೆ ಉರಿಯೂತವೇ ಬೆಳಗಿ ಗಾಬರಿ ಹುಟ್ಟಿಸುತ್ತದೆ. 8ರಿಂದ 12 ವಾರ ಬಿಟ್ಟು ಮಾಡಿಸಿ. ಮರುಕಳಿಕೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ, ಕೆಲವೊಮ್ಮೆ ಮೂಗಿನಲ್ಲಲ್ಲದೆ ಚರ್ಮದಲ್ಲೋ ವೃಷಣದಲ್ಲೋ ಕರುಳಿನಲ್ಲೋ ಬರುತ್ತದೆ. ಆ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಎಂಡೋಸ್ಕೋಪಿ, ಮೈಪರೀಕ್ಷೆ ಮತ್ತು ಪ್ಲಾಸ್ಮಾ ಇಬಿವಿ ಡಿಎನ್‌ಎ. ಇಲ್ಲವಾಗಿದ್ದ ಡಿಎನ್‌ಎ ಮತ್ತೆ ಕಂಡು, ಎರಡನೇ ಸಲ ನೋಡಿದಾಗಲೂ ಏರಿದ್ದರೆ ಲಕ್ಷಣ ಇಲ್ಲದಿದ್ದರೂ ಸ್ಕ್ಯಾನ್ ಮಾಡಿಸಬೇಕು. ಕಣ್ಣಿನ ಪೊರೆ, ಕಣ್ಣು ಒಣಗುವುದು, ಪಿಟ್ಯೂಟರಿ ಹಾರ್ಮೋನ್ ಕೊರತೆ ವರ್ಷಗಳ ನಂತರವೂ ತಲೆದೋರಬಹುದು. ಮುಂದೆ ಯಾವತ್ತು ಹಲ್ಲು ಕೀಳಿಸಬೇಕಾಗಿ ಬಂದರೂ ಮುಖಕ್ಕೆ ರೇಡಿಯೇಷನ್ ಆಗಿದೆ ಎಂದು ಮೊದಲು ಹೇಳಿ, ಡೋಸಿನ ಕಾಗದ ತೋರಿಸಿ. ಆ ದವಡೆಯ ಎಲುಬಿಗೆ ರಕ್ತಸಂಚಾರ ಕಡಿಮೆಯಾಗಿದ್ದು, ಕಿತ್ತ ಗಾಯ ಮಾಯದೆ ಎಲುಬೇ ಸಾಯುವ ಅಪಾಯ ಜೀವನಪೂರ್ತಿ ಇರುತ್ತದೆ.